ಕಬ್ಬಿನ ಟ್ರೇಲರ್‌ಗೆ ಕೆಂಪು ಪಟ್ಟಿ ಇರಲಿಲ್ಲ: ತಮ್ಮನ ಸಾವಿನ ನಂತರ ನಾವು ಓಡಾಡಿದ ದಾರಿ

ತಮ್ಮನ ಹೆಂಡತಿಯ ಖಾತೆಗೆ ಪರಿಹಾರದ ಹಣ ಹೋದ ತಿಂಗಳು ಜಮೆಯಾಯಿತು. ವಿಮಾ ಕಂಪನಿ ಮೇಲ್ಮನವಿಗೆ ಹೋಗಲಿಲ್ಲ. 2024ರ ಜನವರಿಯಲ್ಲಿ ಹಿಡಿದ ದಾರಿ ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೇನೆ. ಈ ಅವಧಿಯಲ್ಲಿ ಕೋರ್ಟಿನ ಪಡಸಾಲೆಯಲ್ಲಿ ನಮ್ಮಂಥವರು ಬಹಳ ಜನ ಸಿಕ್ಕರು. ಮಗನನ್ನು ಕಳೆದುಕೊಂಡವರು, ಗಂಡನನ್ನು ಕಳೆದುಕೊಂಡವರು, ಕಾಲು ಕಳೆದುಕೊಂಡು ಕೋಲೂರಿ ಬರುವವರು. ಮಾತಿಗೆ ಕೂತರೆ ಎಲ್ಲರ ಬಾಯಲ್ಲೂ ಒಂದೇ: ಮೊದಲನೇ ದಿನ ಯಾರಾದರೂ ಇದನ್ನು ಹೇಳಿದ್ದರೆ! ನಾನು ವಕೀಲಳಲ್ಲ, ಧಾರವಾಡದ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವವಳು. ಕಂಡದ್ದನ್ನು, ಉಂಡದ್ದನ್ನು ಬರೆಯುತ್ತಿದ್ದೇನೆ. ಕಾನೂನಿನ ಮಾತು ಬಂದಲ್ಲೆಲ್ಲ ನಿಮ್ಮ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ.

ನಮ್ಮ ತವರು ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆ. ಮುಧೋಳ, ಜಮಖಂಡಿ ಕಡೆ ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದರೆ ಬೇಸಿಗೆ ಬರುವ ತನಕ ರಸ್ತೆ ಟ್ರ್ಯಾಕ್ಟರುಗಳದ್ದೇ. ಒಂದು ಎಂಜಿನ್‌ಗೆ ಎರಡು ಟ್ರೇಲರ್, ಅದರ ಮೇಲೆ ಎರಡಾಳೆತ್ತರ ಕಬ್ಬು, ಡ್ರೈವರನಿಗೆ ಹಿಂದಿನ ಹಾರ್ನು ಕೇಳದಷ್ಟು ಜೋರಾಗಿ ಟೇಪಿನ ಹಾಡು. ತಮ್ಮನಿಗೆ ಮೊಬೈಲ್ ರಿಪೇರಿ ಅಂಗಡಿ ಇತ್ತು. ರಾತ್ರಿ ಅಂಗಡಿ ಮುಚ್ಚಿ ಬೈಕಿನಲ್ಲಿ ಊರಿಗೆ ಹೊರಟಿದ್ದ. ಹೆಲ್ಮೆಟ್ ಹಾಕಿದ್ದ, ಪಟ್ಟಿಯನ್ನೂ ಬಿಗಿದಿದ್ದ. ಪಂಕ್ಚರ್ ಆದ ಟ್ರೇಲರ್ ಒಂದನ್ನು ಡಾಂಬರಿನ ಮೇಲೆಯೇ ಬಿಟ್ಟು, ಚಕ್ರಕ್ಕೆ ಎರಡು ಕಲ್ಲು ಕೊಟ್ಟು, ಎಂಜಿನ್ ಬಿಡಿಸಿಕೊಂಡು ಡ್ರೈವರ್ ಹೋಗಿದ್ದಾನೆ. ಹಿಂದೆ ದೀಪವಿಲ್ಲ, ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಯಿಲ್ಲ. ಎದುರಿನಿಂದ ಬಂದ ಕಾರಿನ ಬೆಳಕು ಕಣ್ಣಿಗೆ ಬಿದ್ದ ಮೇಲೆ ತಮ್ಮನಿಗೆ ಆ ಕಪ್ಪು ರಾಶಿ ಕಂಡಿರಲಿಕ್ಕಿಲ್ಲ. ಪೆಟ್ಟು ಬಿದ್ದದ್ದು ಎದೆಗೆ. ಅವನಿಗೆ 32 ವರ್ಷ.

ಇಷ್ಟನ್ನು ಹೇಳಿದವರು ಆ ಕಾರಿನಲ್ಲಿದ್ದವರೇ. ಅವರು ನಿಲ್ಲದೆ ಹೋಗಬಹುದಿತ್ತು. ನಿಂತರು, 108ಕ್ಕೆ ಕರೆ ಮಾಡಿದರು, ಆಂಬುಲೆನ್ಸ್ ಬರುವ ತನಕ ಅವನ ಪಕ್ಕದಲ್ಲೇ ಕೂತಿದ್ದರಂತೆ. ನೆರವಿಗೆ ಬಂದವರು ಹೆಸರು ವಿಳಾಸ ಕೊಡಲೇಬೇಕು, ಸಾಕ್ಷಿಯಾಗಲೇಬೇಕು ಎಂಬ ಬಲವಂತ ಈಗಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ, ಕರ್ನಾಟಕವಂತೂ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದ ರಾಜ್ಯ. ಆದರೂ ಅವರು ತಾವಾಗಿಯೇ ಫೋನ್ ನಂಬರ್ ಕೊಟ್ಟು, ಬೇಕಾದರೆ ಕರೆಯಿರಿ ಅಂದರು. ಮುಂದೆ ಕರೆದೆವು, ಬಂದರು. ನಮ್ಮ ಪ್ರಕರಣ ಎದ್ದು ನಿಂತದ್ದಕ್ಕೆ ಅವರದೇ ಅರ್ಧ ಪಾಲು.

ನಾನು ಧಾರವಾಡದಿಂದ ತಲುಪುವಾಗ ಬೆಳಗು ಹರಿಯುತ್ತಿತ್ತು. ಮರಣೋತ್ತರ ಪರೀಕ್ಷೆಗೆ ವೈದ್ಯರು ಬರಬೇಕು, ಅದಕ್ಕೂ ಮೊದಲು ಪೊಲೀಸರು ಶವ ಪಂಚನಾಮೆ ಮಾಡಬೇಕು, ಅದಕ್ಕೂ ಮೊದಲು ಮನೆಯವರು ಯಾರಾದರೂ ದೂರು ಕೊಡಬೇಕು. ಈ ಕ್ರಮ ನಮಗೆ ಯಾರಿಗೂ ಗೊತ್ತಿರಲಿಲ್ಲ. ಶವಾಗಾರದ ಹೊರಗಿನ ಬೇವಿನ ಗಿಡದ ಕೆಳಗೆ ಅವ್ವ, ತಮ್ಮನ ಹೆಂಡತಿ, ಊರಿನ ಜನ. ಆ ಗುಂಪಿನಲ್ಲೇ ಇಬ್ಬರು ಗುರುತಿಲ್ಲದವರು ಸುತ್ತಾಡಿ, ‘ನಮ್ಮ ಸಾಹೇಬರು ಭಾಳ ಚಲೋ ಪರಿಹಾರ ಕೊಡಸ್ತಾರ’ ಅಂತ ವಕೀಲರ ಕಾರ್ಡು ಹಂಚಿದರು. ಹೆಣ ಇನ್ನೂ ಒಳಗಿತ್ತು.

ಪೊಲೀಸರು ದೂರು ಬರೆದುಕೊಂಡೇ ಬಂದಿದ್ದರು. ಕಾಕಾನ ಮಗ ಸಹಿ ಮಾಡಿದರೆ ಸಾಕು. ‘ಲಗೂನ ಸಹಿ ಮಾಡ್ರಿ, ಹೊತ್ತು ಮುಳುಗೋದರಾಗ ಮಣ್ಣು ಮಾಡಬೇಕಲ್ಲ’ ಅಂತ ಊರಿನವರೂ ಅವಸರಿಸಿದರು. ನಮ್ಮ ಓಣಿಯ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಜೊತೆಗೆ ಬಂದಿದ್ದರು. ‘ಒಂದೊಂದ ಸಾಲು ಓದಿ ಆಮ್ಯಾಲ ಸಹಿ’ ಎಂದರು. ಓದಿದೆವು. ಬೈಕ್ ಸವಾರನು ಅತಿ ವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ, ನಿಂತಿದ್ದ ಟ್ರೇಲರ್‌ಗೆ ಹಿಂದಿನಿಂದ ತಾನೇ ಡಿಕ್ಕಿ ಹೊಡೆದು ಮೃತಪಟ್ಟಿರುತ್ತಾನೆ ಎಂದಿತ್ತು. ಸತ್ತವನ ಅಣ್ಣನೇ ಸತ್ತವನ ಮೇಲೆ ದೂರು ಕೊಟ್ಟ ಹಾಗೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಉಳಿದ ಎಲ್ಲಕ್ಕಿಂತ ಇದು ಮುಖ್ಯ. ನಿಂತ ವಾಹನಕ್ಕೆ ಬೈಕ್ ಗುದ್ದಿದ ಪ್ರಕರಣಗಳಲ್ಲಿ ಸವಾರನನ್ನೇ ಆರೋಪಿ ಮಾಡಿಬಿಟ್ಟರೆ ಪೊಲೀಸರಿಗೆ ಕೆಲಸ ಹಗುರ. ಆರೋಪಿ ಸತ್ತಿದ್ದಾನೆ, ಪ್ರಕರಣ ಅಲ್ಲಿಗೆ ಮುಗಿಯಿತು. ಆದರೆ ಆ ಒಂದು ಸಾಲು ಮುಂದೆ ಪರಿಹಾರ ತೀರ್ಮಾನಿಸುವ ಮೋಟಾರು ಅಪಘಾತ ನ್ಯಾಯಮಂಡಳಿಯ ತನಕ ಬೆನ್ನು ಹತ್ತುತ್ತದೆ. ರಸ್ತೆಯಲ್ಲಿ ಅಪಾಯವಾಗುವಂತೆ ವಾಹನ ಬಿಟ್ಟು ಹೋಗುವುದು ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನಲ್ಲಿ ತಪ್ಪು ಎಂಬುದನ್ನು ನಾವು ಅಲ್ಲಿ ಯಾರಿಂದಲೂ ಕೇಳಲಿಲ್ಲ, ಆ ನಿವೃತ್ತರ ಬಾಯಿಂದ ಮಾತ್ರ ಕೇಳಿದೆವು. ಬರೆದ ಕಾಗದ ಪಕ್ಕಕ್ಕಿಟ್ಟು, ನಮ್ಮದೇ ಕೈಬರಹದಲ್ಲಿ ಇನ್ನೊಂದು ದೂರು ಬರೆದೆವು: ಸ್ಥಳ, ಹೊತ್ತು, ಟ್ರೇಲರ್ ರಸ್ತೆಯ ಯಾವ ಭಾಗದಲ್ಲಿತ್ತು, ದೀಪ ಮತ್ತು ಪ್ರತಿಫಲಕ ಇರಲಿಲ್ಲ, ಚಕ್ರಕ್ಕೆ ಕಲ್ಲಿತ್ತು, ಡ್ರೈವರ್ ಇರಲಿಲ್ಲ, ನೋಡಿದವರು ಯಾರು. ಸ್ವಲ್ಪ ಹೊತ್ತು ಜಗ್ಗಾಟವಾಯಿತು. ಕೊನೆಗೆ ಅದೇ ದೂರಿನ ಮೇಲೆ ಎಫ್‌ಐಆರ್ ಆಯಿತು. ಆಗ ಹಳೆಯ ದಂಡ ಸಂಹಿತೆಯ 279, 283, 304ಎ ಕಲಮುಗಳು (ಅಜಾಗರೂಕ ಚಾಲನೆ, ರಸ್ತೆಗೆ ಅಡ್ಡಿ, ನಿರ್ಲಕ್ಷ್ಯದಿಂದ ಸಾವು). 2024ರ ಜುಲೈ 1ರ ನಂತರದ ಅಪಘಾತಗಳಿಗೆ ಭಾರತೀಯ ನ್ಯಾಯ ಸಂಹಿತೆಯ 281, 285, 106(1) ಬರುತ್ತವೆ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಹಣ ಪಡೆಯದೆ ಕೊಡಬೇಕು, ಕೇಳಿ ಇಸಿದುಕೊಳ್ಳಿ.

ಇನ್ನೊಂದು ಕೆಲಸ ಕಾಕಾನ ಮಗ ಮಾಡಿದ್ದ. ರಾತ್ರಿ ಸ್ಥಳಕ್ಕೆ ಹೋದಾಗ ಮೊಬೈಲಿನಲ್ಲಿ ಟ್ರೇಲರಿನ ಹಿಂಭಾಗ, ಕಲ್ಲು, ರಸ್ತೆಯ ಅಂಚು, ಬೈಕ್ ಬಿದ್ದ ಜಾಗ ಎಲ್ಲವನ್ನೂ ಫ್ಲ್ಯಾಶ್ ಹಾಕಿ ತೆಗೆದಿದ್ದ. ಕಬ್ಬು ಒಣಗಿದರೆ ತೂಕ ಇಳಿಯುತ್ತದಲ್ಲ, ಬೆಳಗಾಗುವುದರೊಳಗೆ ಟ್ರೇಲರ್ ಜಾಗ ಬಿಟ್ಟಿತ್ತು. ಎರಡು ದಿನದ ಮೇಲೆ ಠಾಣೆಯ ಅಂಗಳದಲ್ಲಿ ಅದನ್ನು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಹಿಂದಿನ ಕಬ್ಬಿಣದ ಹಲಗೆಗೆ ಹೊಚ್ಚ ಹೊಸ ಕೆಂಪು ಪಟ್ಟಿ ಹಚ್ಚಿತ್ತು, ಅಂಚು ಇನ್ನೂ ಸರಿಯಾಗಿ ಕೂತಿರಲಿಲ್ಲ. ಮೋಟಾರು ವಾಹನ ನಿರೀಕ್ಷಕರು ಬಂದು ನೋಡಿ ಬರೆದ ವರದಿಯಲ್ಲಿ ‘ಪ್ರತಿಫಲಕಗಳು ಇವೆ’ ಎಂದೇ ಬಂತು. ಅವರು ನೋಡಿದಾಗ ಇದ್ದವು, ಅದರಲ್ಲಿ ಸುಳ್ಳಿಲ್ಲ. ರಾತ್ರಿಯ ಫೋಟೊಗಳು ಇಲ್ಲದಿದ್ದರೆ ನಾವು ಅಲ್ಲಿಗೆ ಮುಗಿದೆವು.

ಫೋಟೊ ಇದ್ದರೆ ಸಾಲದು ಎಂಬುದು ಆಮೇಲೆ ತಿಳಿಯಿತು. ಮೊಬೈಲಿನ ಚಿತ್ರ ಕೋರ್ಟಿನಲ್ಲಿ ಸಾಕ್ಷ್ಯವಾಗಲು ಪ್ರಮಾಣಪತ್ರ ಬೇಕು. ಹಿಂದೆ ಅದನ್ನು 65ಬಿ ಅನ್ನುತ್ತಿದ್ದರು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು. ತೆಗೆದ ಫೋನನ್ನು ಮಾರಬೇಡಿ, ಬದಲಿಸಬೇಡಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ಹೊತ್ತಿನ ವಿವರ ಉಳಿಯುವುದಿಲ್ಲ, ಮೂಲ ಫೈಲೇ ಬೇಕು.

ದಿನಕರ್ಮ ಮುಗಿಯುವ ಮೊದಲೇ ಹಿರಿಯರ ಪಂಚಾಯಿತಿ ಬಂತು. ಟ್ರ್ಯಾಕ್ಟರ್ ಮಾಲೀಕ ಪಕ್ಕದ ಊರಿನ ಸಣ್ಣ ರೈತ, ಸಾಲದ ಮೇಲೆ ತೆಗೆದ ಗಾಡಿ. ಡ್ರೈವರ್ ಇನ್ನೂ ಮೀಸೆ ಚಿಗುರದ ಹುಡುಗ. ‘ಆದದ್ದು ಆತು, ಎರಡು ಲಕ್ಷ ಕೊಡ್ತಾರ, ಕೇಸು ಬ್ಯಾಡ’ ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದಳು. ಮಾಲೀಕನ ಕಣ್ಣಲ್ಲಿ ನೀರಿದ್ದದ್ದೂ ನಿಜ. ಅವನ ಮೇಲೆ ನನಗೆ ಇವತ್ತಿಗೂ ದ್ವೇಷವಿಲ್ಲ. ಆದರೆ ಸಾವಿನ ಪ್ರಕರಣವನ್ನು ಊರ ಕಟ್ಟೆಯ ಮೇಲೆ ರಾಜಿ ಮಾಡಲು ಕಾನೂನಿನಲ್ಲಿ ಅವಕಾಶವೇ ಇಲ್ಲ, ಮತ್ತು ವಿಮೆ ಸರಿಯಾಗಿದ್ದರೆ ಪರಿಹಾರ ಕೊಡಬೇಕಾದದ್ದು ಅವನ ಜೇಬಿನಿಂದಲ್ಲ, ವಿಮೆಯಿಂದ. ಇದನ್ನು ಎರಡೂ ಮನೆಯವರಿಗೆ ಯಾರಾದರೂ ಬಿಡಿಸಿ ಹೇಳಿದ್ದರೆ ಆ ಜಗಳದ ಅರ್ಧ ಆಗುತ್ತಲೇ ಇರಲಿಲ್ಲ. ನಾವು ಒಲ್ಲೆ ಎಂದೆವು. ಕೆಲವು ಬೀಗರು ಮಾತು ಬಿಟ್ಟರು.

ಆಮೇಲಿನದು ಕಾಗದದ ಕಾಲ. ಮರಣ ಪ್ರಮಾಣಪತ್ರ ಮೊದಲು ಮಾಡಿಸಿ, 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ನಮಗೆ ತೊಡಕಾದದ್ದು ಅಡ್ಡಹೆಸರು. ಆಧಾರ್‌ನಲ್ಲಿ ಅಪ್ಪನ ಹೆಸರು ನಡುವೆ, ಅಡ್ಡಹೆಸರು ಕೊನೆಗೆ. ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್. ಆಸ್ಪತ್ರೆಯ ಪುಸ್ತಕದಲ್ಲಿ ಆಂಬುಲೆನ್ಸಿನವರು ಹೇಳಿದ ಹಾಗೆ ಇನ್ನೇನೋ. ಉತ್ತರ ಕರ್ನಾಟಕದವರಿಗೆ ಇದು ಹೊಸದಲ್ಲ. ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಹೆಸರು ಬರೆಸುವಾಗಲೇ ಆಧಾರ್ ಕಾರ್ಡು ಮುಂದಿಟ್ಟು ಅಕ್ಷರ ನೋಡಿಕೊಳ್ಳಿ. ಮರಣೋತ್ತರ ವರದಿಯಲ್ಲಿ ಹೆಸರು ತಪ್ಪಿದರೆ ತಿದ್ದಿಸಲು ತಿಂಗಳುಗಟ್ಟಲೆ ಹೋಗುತ್ತದೆ. ನಾಡಕಚೇರಿಯಿಂದ ವಂಶವೃಕ್ಷ ಮತ್ತು ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರ ಬೇಕು. ಪೊಲೀಸರಿಂದ ಸ್ಥಳ ಪಂಚನಾಮೆ, ನಕಾಶೆ, ಶವ ಪಂಚನಾಮೆ, ಮರಣೋತ್ತರ ವರದಿ, ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ, ಎದುರಿನ ವಾಹನದ ಆರ್‌ಸಿ, ವಿಮೆ, ಡ್ರೈವರ್ ಲೈಸೆನ್ಸ್ ಬೇಕು. ನಿಯಮದ ಪ್ರಕಾರ ಅಪಘಾತವಾದ 48 ಗಂಟೆಯೊಳಗೆ ಪೊಲೀಸರು ಮೊದಲ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, 90 ದಿನದೊಳಗೆ ವಿಸ್ತೃತ ವರದಿ ಸಲ್ಲಿಸಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೇಳಿದೆ. ನಮ್ಮ ಪ್ರಕರಣದಲ್ಲಿ ಆದದ್ದು ಹಾಗಲ್ಲ. ಕೇಳಿ ಕೇಳಿ ಪಡೆದೆವು.

ಎರಡು ಕಡೆ ಹಣ ಹುಡುಕಬೇಕು ಎಂಬುದು ಬಹಳ ಮನೆಗಳಿಗೆ ಹೊಳೆಯುವುದಿಲ್ಲ. ಒಂದು, ಸತ್ತವರ ಸ್ವಂತ ಬೈಕಿನ ವಿಮೆಯಲ್ಲಿ ಮಾಲೀಕ-ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷೆ ಇರುತ್ತದೆ. ನಾವು ಆಸೆಯಿಂದ ಪಾಲಿಸಿ ತೆರೆದೆವು. ಹೊಸ ಬೈಕಿಗೆ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಐದು ವರ್ಷಕ್ಕಿತ್ತು, ಈ ರಕ್ಷೆ ಮಾತ್ರ ಒಂದೇ ವರ್ಷಕ್ಕೆ. ಮುಗಿದು ಹೋಗಿತ್ತು, ಶೋರೂಮಿನವರು ಹೇಳಿರಲಿಲ್ಲ. ನಿಮ್ಮ ಬೈಕಿನ ಕಾಗದವನ್ನು ಇವತ್ತೇ ತೆಗೆದು ಆ ಸಾಲು ನೋಡಿ. ಇನ್ನೊಂದು, ಬ್ಯಾಂಕ್ ಪಾಸ್‌ಬುಕ್. ಅವನ ಖಾತೆಯಲ್ಲಿ ಮೇ ಕೊನೆಗೆ 20 ರೂಪಾಯಿ ಕಡಿತವಾಗಿತ್ತು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಎಫ್‌ಐಆರ್, ಮರಣೋತ್ತರ ವರದಿ, ಮರಣ ಪ್ರಮಾಣಪತ್ರ ಇಟ್ಟು ಬ್ಯಾಂಕಿಗೆ ಅರ್ಜಿ ಕೊಟ್ಟೆವು. ಖಾತೆ ತೆರೆದದ್ದು ಮದುವೆಗೆ ಮುಂಚೆಯಾದ್ದರಿಂದ ನಾಮಿನಿ ಅವ್ವ. ಆ ವರ್ಷ ಮನೆಗೆ ಬಂದ ದೊಡ್ಡ ಹಣ ಅದೊಂದೇ. ಗುರುತಿಲ್ಲದ ವಾಹನ ಹೊಡೆದು ಓಡಿಹೋದರೆ ಮಾತ್ರ ದಾರಿ ಬೇರೆ. ಅದಕ್ಕೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಅಂಗಡಿಯ ಕೆಲಸವೂ ಉಳಿದಿತ್ತು. ರಿಪೇರಿಗೆ ಬಿಟ್ಟ ಫೋನುಗಳು ಒಂದು ಟ್ರೇ ತುಂಬ, ಪ್ರತಿಯೊಂದಕ್ಕೂ ಅವನ ಕೈಬರಹದ ಚೀಟಿ: ‘ಸ್ಪೀಕರ್ ಇಲ್ಲ’, ‘ನೀರು ಹೋಗಿದೆ’, ‘ಅಜ್ಜನದು, ಹಣ ಬೇಡ’. ಜನ ಬಂದು ಒಬ್ಬೊಬ್ಬರಾಗಿ ಒಯ್ದರು. ಕೆಲವರು ಆಗದ ರಿಪೇರಿಗೂ ದುಡ್ಡು ಕೊಡಲು ಬಂದರು. ನಾನು ಆ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟೆ, ಎಸೆಯಲು ಮನಸ್ಸಾಗಲಿಲ್ಲ. ಲೆಕ್ಕದ ಪುಸ್ತಕ ಮತ್ತು ಕ್ಯೂಆರ್ ಕೋಡಿಗೆ ಬಂದ ಹಣದ ಪಟ್ಟಿಯನ್ನು ವಕೀಲರು ಕೇಳಿದರು. ಆದಾಯ ತೆರಿಗೆ ಕಟ್ಟದ ಸಣ್ಣ ವ್ಯಾಪಾರಸ್ಥರಿಗೆ ದುಡಿಮೆ ತೋರಿಸಲು ಈಗ ಇದೇ ದಾರಿ. ಬಂದ ಹಣವೆಲ್ಲ ಲಾಭವಲ್ಲ ಎಂದು ಎದುರಿನವರು ವಾದಿಸುತ್ತಾರೆ, ಬಾಡಿಗೆ ಮತ್ತು ಬಿಡಿಭಾಗದ ಬಿಲ್ಲನ್ನೂ ಜೊತೆಗಿಡಿ. ಏನೂ ಇಲ್ಲದಿದ್ದರೆ ಅಪಘಾತವಾದ ವರ್ಷಕ್ಕೆ ತಕ್ಕಂತೆ ಒಂದು ಕಾಲ್ಪನಿಕ ಆದಾಯ ಹಿಡಿಯುತ್ತಾರೆ.

ವಕೀಲರ ವಿಷಯ. ಶವಾಗಾರದ ಕಾರ್ಡಿನವರು ಫೋನ್ ಮಾಡಿ, ಮೊದಲು ಏನೂ ಬೇಡ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಅಂದರು. ಹಾಗೆ ಪಾಲು ಮಾತಾಡುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ. ನಾವು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ, 15100 ಸಹಾಯವಾಣಿಗೂ ಕೇಳಬಹುದು. ನಮಗೆ ಸಿಕ್ಕ ವಕೀಲೆ ಸಣ್ಣ ವಯಸ್ಸಿನವರು, ಆದರೆ ಕಡತ ಓದಿಕೊಂಡು ಬರುತ್ತಿದ್ದರು. ಅದು ಎಲ್ಲರಿಗೂ ಸಿಗುವ ಭಾಗ್ಯವಲ್ಲ ಎಂದು ಪಡಸಾಲೆಯಲ್ಲಿ ಕೂತು ಕಲಿತೆ. ನಮಗೆ ಖರ್ಚಾದದ್ದು ಜೆರಾಕ್ಸು, ಟೈಪಿಂಗು, ದೃಢೀಕೃತ ಪ್ರತಿ, ಸಾಕ್ಷಿಗಳ ಊಟ. ನನಗೂ ತಮ್ಮನ ಹೆಂಡತಿಗೂ ಬಸ್ಸಿನ ಖರ್ಚು ಇರಲಿಲ್ಲ, ಶಕ್ತಿ ಯೋಜನೆಯ ಸೊನ್ನೆ ಟಿಕೆಟು ಒಂದು ಕಟ್ಟೇ ಆಯಿತು. ದೊಡ್ಡ ನಷ್ಟ ನನ್ನ ರಜೆಯದು.

ಅರ್ಜಿ ಹಾಕಲು ಕಾಯಬೇಡಿ. 2022ರ ಏಪ್ರಿಲ್ 1ರಿಂದ ಆರು ತಿಂಗಳ ಗಡುವು ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ, ಆದರೆ ಅದನ್ನು ನಂಬಿ ಕೂರುವುದು ಬೇಡ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದೂ ಇಲ್ಲ, ಅರ್ಜಿದಾರರು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಗಂಡ ಸತ್ತ ಮೇಲೆ ತವರಿಗೆ ಹೋದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ.

ಆಮೇಲೆ ಕಾಯುವುದು. ಮಾಲೀಕನಿಗೆ ನೋಟಿಸು ಮುಟ್ಟಲಿಲ್ಲ, ಮುಂದಿನ ತಾರೀಖು. ವಿಮಾ ಕಂಪನಿ ಉತ್ತರ ಸಲ್ಲಿಸಲಿಲ್ಲ, ಮುಂದಿನ ತಾರೀಖು. ನ್ಯಾಯಾಧೀಶರಿಗೆ ವರ್ಗವಾಯಿತು, ಹೊಸಬರು ಬಂದರು. ಕೊನೆಗೆ ಬಂದ ಉತ್ತರದಲ್ಲಿ ಇದ್ದದ್ದು: ಟ್ರ್ಯಾಕ್ಟರ್‌ಗೆ ಮಾತ್ರ ವಿಮೆ, ಟ್ರೇಲರ್‌ಗೆ ಇಲ್ಲ. ವಿಮೆ ಕೃಷಿ ಬಳಕೆಗೆ, ಇದು ಬಾಡಿಗೆಗೆ ಕಬ್ಬು ಹೊತ್ತದ್ದು. ಸವಾರನ ವೇಗವೇ ಕಾರಣ. ಕಬ್ಬಿನ ಸೀಮೆಯ ಪ್ರಕರಣಗಳಲ್ಲಿ ಈ ಮೂರು ಬಂದೇ ಬರುತ್ತವೆಯಂತೆ.

ತಮ್ಮನ ಹೆಂಡತಿ ಕಟಕಟೆ ಹತ್ತಿದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ನಿಮ್ಮ ಗಂಡ ಕುಡಿಯುತ್ತಿದ್ದರಲ್ಲವೇ? ಇಲ್ಲ. ಅವರಿಗೆ ಬೈಕ್ ಜೋರಾಗಿ ಓಡಿಸುವ ಚಟ ಇತ್ತು ಎಂದರೆ? ಸುಳ್ಳು. ನೀವು ಮರುಮದುವೆ ಮಾಡಿಕೊಳ್ಳುವವರಿದ್ದೀರಿ ಎಂದರೆ? ಅವಳು ಉತ್ತರಿಸುವ ಮೊದಲೇ ನ್ಯಾಯಾಧೀಶರು ಆ ಪ್ರಶ್ನೆಯನ್ನು ತಡೆದರು. ಹೊರಗೆ ಬಂದು ಅವಳು ಕ್ಯಾಂಟೀನಿನ ಚಹಾ ಕುಡಿದು, ‘ಅಕ್ಕಾ, ನಾ ಸಿಟ್ಟಿಗೆದ್ದು ಮಾತಾಡಿದ್ನೇನು?’ ಅಂದಳು. ಅವಳು ಒಂದು ಮಾತೂ ಹೆಚ್ಚಿಗೆ ಆಡಿರಲಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಸಾಕ್ಷಿಗೆ ಕರೆದೊಯ್ಯುವ ಮೊದಲು ಇಂಥ ಪ್ರಶ್ನೆಗಳು ಬರುತ್ತವೆ ಎಂದು ಮುಂಚೆಯೇ ಹೇಳಿಡಿ. ಮೊದಲ ಸಲ ಕೇಳುವುದು ಕಟಕಟೆಯಲ್ಲಾಗಬಾರದು.

ಕಾರಿನವರು ಸಾಕ್ಷಿ ಹೇಳಿದರು. ವಾಹನ ನಿರೀಕ್ಷಕರ ವರದಿಯನ್ನು ಮುಂದಿಟ್ಟು ಎದುರಿನ ವಕೀಲರು ಪ್ರತಿಫಲಕ ಇತ್ತಲ್ಲ ಎಂದಾಗ ನಮ್ಮ ವಕೀಲೆ ಫೋಟೊ ತೋರಿಸಿದರು. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಪ್ರತಿಫಲಕವಿದ್ದರೆ ಅದು ಹೊಳೆಯಬೇಕಿತ್ತು, ಬೈಕಿನ ನಂಬರ್ ಪ್ಲೇಟ್ ಹೊಳೆಯುತ್ತಿದೆ, ಟ್ರೇಲರ್ ಮಾತ್ರ ಕಪ್ಪಗಿದೆ. ಇದು ನನಗೆ ತೋಚಿದ್ದಲ್ಲ, ಅವರಿಗೆ ತೋಚಿದ್ದು.

ಆದೇಶ ಬಂದದ್ದು 2025ರಲ್ಲಿ. ಲೆಕ್ಕ ಹೇಗೆ ಹಾಕುತ್ತಾರೆಂದು ತಿಳಿದಿರಲಿ, ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದಾಗ ಇದು ಬೇಕಾಗುತ್ತದೆ. ತಿಂಗಳ ಆದಾಯ 15,000 ಹಿಡಿದರು. 40 ವರ್ಷದೊಳಗಿನ ಸ್ವಂತ ಉದ್ಯೋಗಿಗೆ ಮುಂದೆ ಹೆಚ್ಚಬಹುದಾದ ದುಡಿಮೆ ಎಂದು 40 ಪ್ರತಿಶತ ಸೇರಿಸಿ 21,000. ಹೆಂಡತಿ, ಮಗಳು, ತಾಯಿ ಮೂವರು ಅವಲಂಬಿತರು, ಹಾಗಾಗಿ ಸ್ವಂತ ಖರ್ಚೆಂದು ಮೂರನೇ ಒಂದು ಪಾಲು ಕಳೆದು 14,000. ವರ್ಷಕ್ಕೆ 1,68,000. ಅವನ ವಯಸ್ಸಿಗೆ ಗುಣಕ 16, ಅಂದರೆ 26,88,000. ಗುಣಕದ ಪಟ್ಟಿ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನದು, 40 ಪ್ರತಿಶತದ ಲೆಕ್ಕ 2017ರ ಪ್ರಣಯ್ ಸೇಠಿ ತೀರ್ಪಿನದು. ಸಾಹಚರ್ಯ ನಷ್ಟಕ್ಕೆ, ಅಂದರೆ ಅವನ ಒಡನಾಟ ಕಳೆದುಕೊಂಡದ್ದಕ್ಕೆ, ಮೂವರಿಗೂ ತಲಾ 48,400, ಅಂತ್ಯಕ್ರಿಯೆ ಮತ್ತು ಆಸ್ತಿ ನಷ್ಟಕ್ಕೆ (ಬದುಕಿದ್ದರೆ ಅವನು ಕೂಡಿಡುತ್ತಿದ್ದುದಕ್ಕೆ) ತಲಾ 18,150. ಎಲ್ಲ ಸೇರಿ 28,69,500.

ಅದರಲ್ಲಿ 20 ಪ್ರತಿಶತ ಕಳೆದರು. ಸವಾರನೂ ಮುಂದಿನದನ್ನು ನೋಡಿ ಓಡಿಸಬೇಕಿತ್ತು ಎಂಬುದು ಕಾರಣ. ಉಳಿದದ್ದು 22,95,600, ಅರ್ಜಿ ಹಾಕಿದ ದಿನದಿಂದ ಶೇ 6ರ ಬಡ್ಡಿ. ವಿಮಾ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು ಆದೇಶ. ಆ ಸಣ್ಣ ರೈತನ ಮೇಲೆ ಈಗ ಇದು ಬಿದ್ದಿದೆ. ಟ್ರೇಲರ್‌ಗೆ ವಿಮೆ ಮಾಡಿಸದೆ ಬಾಡಿಗೆಗೆ ಬಿಡುವ ಮಾಲೀಕರು ಈ ಸಾಲನ್ನು ಎರಡು ಸಲ ಓದಲಿ. ಮಗಳ ಪಾಲು ಅವಳಿಗೆ 18 ತುಂಬುವ ತನಕ ಬ್ಯಾಂಕಿನಲ್ಲಿ ಠೇವಣಿ. ಡ್ರೈವರ್ ಮೇಲಿನ ಕ್ರಿಮಿನಲ್ ಪ್ರಕರಣ ಬೇರೆ, ಅದು ಇನ್ನೂ ನಡೆದಿದೆ.

ಆ 20 ಪ್ರತಿಶತ ನನ್ನನ್ನು ಬಹಳ ದಿನ ಕಾಡಿತು. ಸಿಟ್ಟಿನಲ್ಲೇ ಲೆಕ್ಕ ಹಾಕಿ ನೋಡಿದೆ. 60 ಕಿಲೋಮೀಟರ್ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡು, ತಿಳಿದು, ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡು ಹಿಡಿದರೂ 25 ಮೀಟರ್ ಹೋಯಿತು. ನಿಲ್ಲಲು ಇನ್ನೂ ಅಷ್ಟೇ ಬೇಕು. ಡಿಮ್ ಲೈಟಿನಲ್ಲಿ ಬೆಳಕು ಚೆನ್ನಾಗಿ ಬೀಳುವುದೇ ಅದಕ್ಕಿಂತ ಕಡಿಮೆ ದೂರ, ಎದುರಿನ ಬೆಳಕು ಕಣ್ಣಿಗೆ ಬಿದ್ದರೆ ಅದೂ ಇಲ್ಲ. ಅವನು ಎಷ್ಟು ವೇಗದಲ್ಲಿದ್ದನೋ ನನಗೆ ತಿಳಿಯದು. ರಾತ್ರಿ ಬೈಕ್ ಓಡಿಸುವ ಹುಡುಗರಿಗೆ ಮಾತ್ರ ಈ ಲೆಕ್ಕ ಹೇಳುತ್ತೇನೆ: ಎದುರಿನ ಬೆಳಕು ಕಣ್ಣಿಗೆ ಹೊಡೆದ ಕೂಡಲೇ ವೇಗ ಇಳಿಸಿ, ಅದು ದಾಟಿ ಹೋದ ಮೇಲೂ ಕಣ್ಣು ಹೊಂದಿಕೊಳ್ಳುವ ತನಕ ಏರಿಸಬೇಡಿ. ಕಾರಿನವರು ಎದುರು ಬೈಕ್ ಕಂಡರೂ ಡಿಮ್ ಮಾಡಿ. ಲಾರಿ ಕಂಡರೆ ಮಾಡುತ್ತೀರಲ್ಲ.

ನವೆಂಬರಿನ ಮೂರನೇ ಭಾನುವಾರ ರಸ್ತೆಯಲ್ಲಿ ಸತ್ತವರನ್ನು ನೆನೆಯುವ ದಿನ ಎಂದು ನನಗೆ ಹೇಳಿದ್ದು ನಮ್ಮ ವಕೀಲೆ. 1993ರಲ್ಲಿ ಇಂಗ್ಲೆಂಡಿನಲ್ಲಿ ಹೀಗೆ ಮನೆಯವರನ್ನು ಕಳೆದುಕೊಂಡವರೇ ಶುರು ಮಾಡಿದ್ದು, 2005ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿತು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ನಮ್ಮ ಭಾಗದಲ್ಲಿ ಆ ಭಾನುವಾರ ಬರುವುದು ಸರಿಯಾಗಿ ಕಬ್ಬಿನ ಹಂಗಾಮು ಏರುವ ಹೊತ್ತಿಗೆ. 2024ರಲ್ಲಿ ಪಡಸಾಲೆಯ ಪರಿಚಯದ ನಾಲ್ಕಾರು ಮನೆಯವರು ಸೇರಿ ಫೋಟೊಗಳನ್ನಿಟ್ಟು ದೀಪ ಹಚ್ಚಿದೆವು. ಬಂದವರು ಅತ್ತರು, ಚುರುಮುರಿ ತಿಂದರು, ಹೋದರು. ನನಗೆ ಸಮಾಧಾನವಾಗಲಿಲ್ಲ. ನೆನಪು ಮಾಡಿಕೊಳ್ಳುವ ಜಾಗ ಮನೆಯಲ್ಲ, ಟ್ರೇಲರಿನ ಹಿಂಭಾಗ ಅನಿಸಿತು.

2025ರ ನವೆಂಬರ್ 16ರಂದು ಪ್ರತಿಫಲಕ ಟೇಪಿನ ಸುರುಳಿ ಹಿಡಿದು ಕಬ್ಬಿನ ಗಾಡಿಗಳು ಸಾಲು ನಿಲ್ಲುವ ಕಡೆ ಹೋದೆವು. ಒಬ್ಬೊಬ್ಬರ ಎದೆಯ ಮೇಲೆ ಸತ್ತವರ ಫೋಟೊ. ಹಿಂದೆ ಕೆಂಪು, ಮುಂದೆ ಬಿಳಿ, ಬದಿಗೆ ಹಳದಿ. ಡ್ರೈವರುಗಳು ಮೊದಲು ನಕ್ಕರು. ಒಬ್ಬ, ‘ಫೋಟೊದಾಗ ಇದ್ದಾವ ಯಾರ್ರೀ?’ ಅಂದ. ಹೇಳಿದೆ. ಅವನು ಟೇಪು ನಿಲ್ಲಿಸಿದ, ಹಾಡಿನ ಟೇಪು. ಆಮೇಲೆ ಅವನೇ ನಮಗೆ ಪಾಠ ಮಾಡಿದ. ಹಲಗೆಗೆ ಹಚ್ಚಿದರೆ ಉಪಯೋಗವಿಲ್ಲ, ಕಬ್ಬಿನ ತುದಿ ಹಿಂದಕ್ಕೆ ಚಾಚಿ ಹಲಗೆ, ದೀಪ ಎರಡನ್ನೂ ಮುಚ್ಚುತ್ತದೆ. ತಗಡಿನ ತುಂಡಿಗೆ ಟೇಪು ಅಂಟಿಸಿ, ಹೇರು ಕಟ್ಟಿದ ಮೇಲೆ ಹೊರ ತುದಿಗೆ ಹಗ್ಗದಿಂದ ನೇತು ಹಾಕಬೇಕು, ಇಳಿಸಿದ ಮೇಲೆ ಬಿಚ್ಚಿಟ್ಟುಕೊಳ್ಳಬೇಕು. ನಾವು ತಂದ ಟೇಪಿನಲ್ಲಿ ಅರ್ಧ ಅವತ್ತೇ ಹಲಗೆಗಳ ಮೇಲೆ ಮುಗಿದಿತ್ತು. ಉಳಿದರ್ಧಕ್ಕೆ ಪೇಟೆಯಿಂದ ತಗಡು ಕತ್ತರಿಸಿ ತಂದೆವು.

ಮುಂದಿನ ಹಂಗಾಮಿಗೆ ತಗಡುಗಳನ್ನು ಮೊದಲೇ ಮಾಡಿಡುವ ವಿಚಾರವಿದೆ. ನಿಮ್ಮೂರಲ್ಲಿ ಮಾಡುವವರಿಗೆ: ತಗಡಿನ ಅಂಚು ಮಡಚಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಎಣ್ಣೆ, ಧೂಳು ಒರೆಸಿ ಒಣಗಿದ ಮೇಲೆ ಟೇಪು ಹಚ್ಚಿ, ಇಬ್ಬನಿಯಲ್ಲಿ ಹಚ್ಚಿದ್ದು ನಿಲ್ಲುವುದಿಲ್ಲ. ಪ್ರತಿ ಟ್ರೇಲರ್‌ಗೆ ಎರಡು ಬೇಕು, ಒಂದೇ ಇದ್ದರೆ ದೂರದಿಂದ ಬೈಕಿನ ಹಿಂದಿನ ದೀಪ ಅನಿಸುತ್ತದೆ. ಮತ್ತು ಪಂಕ್ಚರ್ ಹಾಕಿಸಿ ಹೊರಡುವಾಗ ಚಕ್ರಕ್ಕಿಟ್ಟ ಕಲ್ಲನ್ನು ರಸ್ತೆಯಿಂದ ಎತ್ತಿ ಹಾಕಲು ಡ್ರೈವರ್‌ಗೆ ಹೇಳಿ.